ಕೈಗೆ ಬ್ಯಾಂಡ್ ಇಲ್ಲದವರಿಗೆ ಪ್ರವೇಶವಿಲ್ಲ

ಕೆಂಪು ಬ್ಯಾಂಡು ಮಣಿಕಟ್ಟನ್ನು ಕೊರೆಯುತ್ತಿದೆ, ಬೆವರಿಗೆ ನೆನೆದರೂ ಅಂಟು ಬಿಡುವುದಿಲ್ಲ, ಎಳೆದರೆ ಕೂದಲೂ ಕಿತ್ತುಕೊಂಡು ಬರುತ್ತದೆ — ಹಲೋ ಚೆಕ್, ಹಲೋ ಚೆಕ್, ಈ ಮೈಕಿನವನಿಗೆ ಬೇರೆ ಮಾತೇ ಬರುವುದಿಲ್ಲವೇನೋ — ಎರಡು ಸಾವಿರ ಬ್ಯಾಂಡು ಮಾಡಿಸಿದವನು ನಾನೇ, ಇದು ಕೈಯಲ್ಲಿ ಇಲ್ಲದವರು ಯಾರೇ ಆಗಲಿ ಒಳಗೆ ಬಿಡಕೂಡದು ಎಂದು ಎರಡೂ ಗೇಟಿಗೆ ಕಾಗದ ಅಂಟಿಸಿದವನೂ ನಾನೇ, ಲೋಕೇಶ್, ಕೊನೆಯ ವರ್ಷ, ವಿದ್ಯಾರ್ಥಿ ಸಂಘದ ಕಾರ್ಯದರ್ಶಿ, ಏನು ಗತ್ತು. ಹೋದ ವರ್ಷದ ಕಾಲೇಜು ಫೆಸ್ಟಿಗೆ ಹೊರಗಿನವರು ನುಗ್ಗಿ ಕುಡಿದು ಗಲಾಟೆ ಮಾಡಿದ್ದರು, ಇನ್ನೊಂದು ಸಲ ಹಾಗಾದರೆ ಸಂಘವನ್ನೇ ಮುಚ್ಚಿಸ್ತೀನಿ ಎಂದಿದ್ದಾರೆ ಪ್ರಿನ್ಸಿಪಾಲರು, ಹಾಗಾಗಿ ಈ ಸಲ ಒಂದು ನೊಣವೂ ಒಳಗೆ ಬರಬಾರದು. ಐಟಿ ಪಾರ್ಕಿನ ಗಾಜಿಗೆ ಇಳಿಬಿಸಿಲು ತಗುಲಿ ಕಣ್ಣು ಕುಕ್ಕುತ್ತಿದೆ, ಹೊತ್ತು ಮುಳುಗಲು ಇನ್ನು ಅರ್ಧ ಗಂಟೆ, ಹೊತ್ತು ಮುಳುಗೋದ್ರೊಳಗೆ ಎಲೆ ಆಕ್ಬೇಕು ಕಣಪ್ಪ — ಅಜ್ಜಿಯ ಮಾತು ಈಗಲೇ ಯಾಕೆ ನೆನಪಾಗಬೇಕು.

ದಿನ ಗೊತ್ತು ಮಾಡಿದ್ದೂ ನಾನೇ. ಪಕ್ಷಮಾಸದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಶಾಮಿಯಾನದವರು ನೊಣ ಹೊಡೆಯುತ್ತಾ ಕೂತಿರುತ್ತಾರೆ, ಅರ್ಧ ಬಾಡಿಗೆಗೆ ಒಪ್ಪುತ್ತಾರೆ, ಅಮಾವಾಸ್ಯೆಗೆ ರಜೆ ಬೇರೆ. ನನ್ನ ಲೆಕ್ಕಾಚಾರಕ್ಕೆ ಎಲ್ಲರೂ ಶಭಾಷ್ ಅಂದರು, ಖಜಾಂಚಿ ದೀಪಶ್ರೀ ಒಬ್ಬಳೇ ಪೆನ್ನು ಕಚ್ಚುತ್ತಾ ಕೇಳಿದ್ದು — ಮಹಾಲಯ ಅಮಾವಾಸ್ಯೆ ದಿನಾನೇ ಬೇಕಾ ಲೋಕಿ, ನಿಮ್ಮನೇಲಿ ಎಡೆ ಇಡಲ್ವೇನೋ — ಅಯ್ಯೋ ಬಿಡೇ, ಸತ್ತೋರಿಗೇನು ಬೇರೆ ಪ್ರೋಗ್ರಾಮ್ ಇರುತ್ತಾ ಅಂದೆ, ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಆ ಕೋಚಿಂಗ್ ಸೆಂಟರಿನ ಬಾಲಾಜಿ ಸಾರ್ ಬಂದರು, ಸ್ಪಾನ್ಸರ್ ದುಡ್ಡಿನಲ್ಲಿ ದೊಡ್ಡ ಮೊತ್ತ ಅವರದೇ, ಒಂದೇ ಷರತ್ತು, ವೇದಿಕೆ ಹೊಂಗೆ ಮರದ ಮೂಲೆಯಲ್ಲಿರಬೇಕು, ಅಲ್ಲಾದರೆ ಅವರ ಬೋರ್ಡು ರಸ್ತೆಗೆ ಕಾಣುತ್ತದೆ. ಆ ಮೂಲೆಯಲ್ಲಿ ಏನಿದೆ ಎಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ತಾತ ಇದ್ದಾನೆ. ಲಕ್ಷ್ಮಯ್ಯ, ಈ ಹೊಲ ಉತ್ತವನು, ಇಲ್ಲೇ ಮಣ್ಣಾದವನು, ತಲೆಯ ಹತ್ತಿರ ಒಂದು ಚಪ್ಪಡಿ ಕಲ್ಲು. ಅಪ್ಪ ಹೊಲ ಮಾರಿ ನಾಲ್ಕಂತಸ್ತಿನ ಪಿಜಿ ಕಟ್ಟಿಸಿದ, ಕಲ್ಲು ಮುಟ್ಟಲ್ಲ, ವರ್ಷಕ್ಕೊಂದು ದಿನ ಹಿಂದಿನ ಗೇಟು ತೆಗೀತೀವಿ ಎಂದು ಹೊಲ ಕೊಂಡ ಕಾಲೇಜಿನವರು ಬಾಯಿಮಾತಿನಲ್ಲಿ ಹೇಳಿದರು, ಕಾಗದವಿಲ್ಲ ಪತ್ರವಿಲ್ಲ, ಆದರೂ ಹದಿನೆಂಟು ವರ್ಷ ಆ ಮಾತು ನಡೆಸಿದರು. ಪರರು ನಡೆಸಿದರು, ಮೊಮ್ಮಗ ಅದರ ಮೇಲೆ ಹಲಗೆ ಹೊಡೆಸಿ ಕೆಂಪು ಕಾರ್ಪೆಟ್ ಹಾಸಿದ. ಊರಿಗೆ ಉಪಕಾರಿ ಮನೆಗೆ ಮಾರಿ, ಅಪ್ಪ ಸುಮ್ಮನೆ ಅನ್ನುವುದಿಲ್ಲ.

ಹೇಳಬಹುದಿತ್ತಲ್ಲ, ಸಾರ್, ಅಲ್ಲಿ ಬೇಡ, ನಮ್ಮ ತಾತನ ಸಮಾಧಿ ಅದು, ಇಷ್ಟೇ ಮಾತು. ಎಲ್ಲಿ ಹೇಳುವುದು, ಹೋದ ವರ್ಷವೇ ಬಾಯಿ ಹೊಲಿದುಕೊಂಡಿದ್ದೆ — ಕ್ಯಾಂಟೀನಿನ ಕಿಟಕಿಯಲ್ಲಿ ನಿಂತಿದ್ದೆವು, ಹೊಂಗೆ ಮರದ ಕೆಳಗೆ ಅಜ್ಜಿ ಕೂತಿದ್ದಳು, ಎಲೆಗೆ ನೀರು ಚಿಮುಕಿಸಿ ಅಂಗೈಯಲ್ಲಿ ಒರೆಸುತ್ತಿದ್ದಳು, ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ, ನಂದೀಶ ಬಗ್ಗಿ ನೋಡಿ, ಮಗಾ, ಯಾವ್ದೋ ಮುದುಕಿ ಮಾಟ ಮಾಡ್ತಾವ್ಳೆ ಕಣೋ ಅಂದ, ಎಲ್ಲರೂ ಹೋ ಎಂದು ನಕ್ಕರು, ಅವಳು ನಮ್ಮಜ್ಜಿ ಅನ್ನಲಿಲ್ಲ ನಾನು, ಚಹಾ ಕುಡಿದೆ. ಆ ದೂರದಿಂದಲೂ ಅವಳ ಕೈ ಕಾಣುತ್ತಿತ್ತು, ಬರಿಗೈ, ಬಳೆ ತೆಗೆಸಿದ್ದೂ ಅದೇ ಕಲ್ಲಿನ ಹತ್ತಿರವಂತೆ. ಇವತ್ತು ಬೆಳಿಗ್ಗೆ ಒಲೆ ಮುಂದಿನಿಂದ ಕೇಳಿದಳು, ಲೋಕೀ, ಸಂಜಿಕೆ ಬತ್ತೀನಿ, ಅದೇನೋ ಕುಣಿತ ಅಂತಲ್ಲ ನಿಮ್ದು, ತೊಂದ್ರೆ ಆಗಾಕಿಲ್ವಾ — ಹೂಂ ಅಂದೆ, ಫೋನಿನಿಂದ ಕಣ್ಣೆತ್ತಲಿಲ್ಲ, ಯಾವುದಕ್ಕೆ ಹೂಂ ಅಂದೆನೋ ನನಗೇ ಗೊತ್ತಿಲ್ಲ, ಅವಳು ಅದನ್ನು ಒಪ್ಪಿಗೆ ಅಂದುಕೊಂಡಳು.

ಭರಮಪ್ಪನ ಮೂರು ಕರೆ. ಹಿಂದಿನ ಗೇಟಿನ ಸೆಕ್ಯೂರಿಟಿ, ಪ್ರತಿವರ್ಷ ಅವಳಿಗೆ ಬಾಗಿಲು ತೆಗೆಯುವವನು ಅವನೇ, ಮೂರನ್ನೂ ಕತ್ತರಿಸಿದೆ, ಬಾಲಾಜಿ ಸಾರ್ ಕಾರಿಳಿಯುತ್ತಿದ್ದರು, ಹಾರ ಎಲ್ಲಿ, ಪೇಟ ಎಲ್ಲಿ. ಆಗ ದೀಪಶ್ರೀ ಓಡಿ ಬಂದಳು — ಲೋಕಿ, ಹಿಂದಿನ ಗೇಟಲ್ಲಿ ಯಾರೋ ಅಜ್ಜಿ ಕೂತಿದಾರೆ ಕಣೋ, ಬ್ಯಾಂಡ್ ಇಲ್ಲ ಅಂತ ಬಿಟ್ಟಿಲ್ವಂತೆ, ನಿನ್ನ ಹೆಸರು ಹೇಳ್ತಿದಾರೆ, ನಿಂಗೆ ಗೊತ್ತಾ — ಸಾರ್ ಪಕ್ಕದಲ್ಲೇ ಇದ್ದರು, ನಂದೀಶನೂ ಇದ್ದ. ಊರಿನವರು ಯಾರೋ ಇರ್ಬೇಕು, ಆಮೇಲೆ ನೋಡ್ತೀನಿ ಅಂದೆ. ಅಂದೆನಲ್ಲ, ಅಯ್ಯೋ ಪಾಪಿ, ನನ್ನ ಬಾಯಲ್ಲೇ ಬಂತಲ್ಲ, ಎತ್ತಿ ಆಡಿಸಿದವಳನ್ನು ಯಾರೋ ಅಂದೆನಲ್ಲ. ದೀಪ ಬೆಳಗಿಸಿದೆವು, ಬೆಂಕಿಕಡ್ಡಿ ಗೀರಿ ಕೊಟ್ಟವನೂ ನಾನೇ, ಸರಿಯಾಗಿ ಕಲ್ಲಿನ ಮೇಲೆ ನಿಂತಿದ್ದೆ, ಕಾರ್ಪೆಟ್ಟು, ಹಲಗೆ, ಅದರಡಿ ಅವನು, ಚಪ್ಪಾಳೆ ಬಿತ್ತು, ಜೇಬಿನಲ್ಲಿ ಉಳಿದ ಬ್ಯಾಂಡುಗಳ ಸುರುಳಿ ಇತ್ತು, ಒಂದನ್ನು ಹರಿದುಕೊಂಡು ಇಳಿದು ಓಡಿದೆ. ಗಾಜಿನ ಮೇಲೆ ಬಿಸಿಲಿರಲಿಲ್ಲ.

ಗೇಟಿಗೆ ಬೀಗ ಇತ್ತು, ಭರಮಪ್ಪ ಒಬ್ಬನೇ ಇದ್ದ. ಕಂಬಿಯ ಆಚೆ ಚರಂಡಿ ಚಪ್ಪಡಿಯ ಮೇಲೆ ಎಲೆ, ತುದಿ ಹೊಂಗೆ ಮರದ ಕಡೆಗೆ, ಮುದ್ದೆಗೆ ಆಗಲೇ ರಸ್ತೆಯ ಧೂಳು. ಹ್ವಾದ್ರು ಸರ, ಹೊತ್ತು ಮುಳುಗಿತಲ್ರೀ, ಇಲ್ಲೇ ಎಡಿ ಇಟ್ಟು ಕೈಮುಗದು ಹ್ವಾದ್ರು — ಬಿಡಬಹುದಿತ್ತಲ್ಲ ಭರಮಪ್ಪ — ನೀವ ಹೇಳಿದ್ರಲ್ರೀ ಸರ, ಯಾರನ್ನೂ ಬಿಡಬ್ಯಾಡ ಅಂತ, ಮೂರು ಸಲ ಫೋನ್ ಹಚ್ಚಿದೆ, ನನ್ನ ನೌಕರಿ ಅಲ್ರೀ — ಅವನ ತಪ್ಪಿಲ್ಲ, ಏನೂ ತಪ್ಪಿಲ್ಲ, ಬೈದಳಾ ಎಂದು ಕೇಳಿದೆ, ಬೈದಿದ್ದರೆ ಸಾಕಿತ್ತು. ಯಾಕ ಬೈತಾರ್ರೀ, ಕೆಂಪು ಪಟ್ಟಿ ಕಟ್ಟಿದ್ರ ಬಿಡ್ತೀಯೇನಪ್ಪಾ ಅಂದ್ರು, ಹೂಂ ಅಂದೆ, ಅಂಗಾದ್ರೆ ಕಾಯ್ತೀನಿ, ನಮ್ ಲೋಕಿ ಬಂದು ಕಟ್ತಾನೆ ಅಂತ ಕೈ ಒಳಗ ಚಾಚಿ ಕುಂತ್ರು ಸರ, ಹಿಂಗ, ಭಾಳ ಹೊತ್ತು — ಭರಮಪ್ಪ ತನ್ನ ಕೈಯನ್ನು ಕಂಬಿಗಳ ನಡುವೆ ತೂರಿಸಿ ತೋರಿಸುತ್ತಾನೆ, ಹಿಂದೆ ಹಾಡು ಶುರುವಾಗಿದೆ, ಹಲಗೆ ಧಡಧಡ ಎನ್ನುತ್ತಿದೆ, ಮನೆಗೆ ಹೋಗಿ ಕಾಲು ಹಿಡಿಯಬೇಕು, ಏನು ಹೇಳಬೇಕು, ಅಜ್ಜೀ ನಾನು — ಹರಿದುಕೊಂಡ ಬ್ಯಾಂಡು ಬೆರಳಿಗೆ ಅಂಟಿದೆ, ಕೊಡವಿದರೂ ಬೀಳುವುದಿಲ್ಲ, ಭರಮಪ್ಪ ಕೈ ಹಿಂದೆಗೆದ, ಕಂಬಿಗಳ ನಡುವೆ ಇನ್ನೂ ಆ ಕೈ, ಎಲೆ ಒರೆಸಿದ ನೀರು ಆರದ ಕೈ, ಕಟ್ಟಿಸಿಕೊಳ್ಳಲು ಮುಂದೆ ಮಾಡಿದ ಬರಿಯ ಮಣಿಕಟ್ಟು.