ಟೆಂಟಿನೊಳಗೆ ಒಣಗಿದ ಸೀರೆ

ನನ್ನ ಗಂಡ ಬದರಿನಾಥ ಟೆಂಟು ಕೊಂಡದ್ದು 2003ರಲ್ಲಿ. ಅದನ್ನು ಹಾಕಲು ಒಳ್ಳೆಯ ಜಾಗ ಹುಡುಕುವುದರಲ್ಲೇ ವರ್ಷ ಕಳೆಯಿತು. ಬೆಸೆಂಟ್ ನಗರದ ಬೀಚಿನಿಂದ ಪೊಲೀಸರು ಎಬ್ಬಿಸಿದರು. ಎಣ್ಣೂರಿನಲ್ಲಿ ಯಾರೂ ಎಬ್ಬಿಸಲಿಲ್ಲ, ಆದರೆ ಮೊಸರನ್ನದ ಮೇಲೆ ಪಕ್ಕದ ವಿದ್ಯುತ್ ಸ್ಥಾವರದ ಬೂದಿ ಬಿತ್ತು.

ಅತ್ತೆ ಗೋದಾಬಾಯಿಯವರದು ಒಂದೇ ಷರತ್ತು. "ಬಾವಿ ಇರ್ಬೇಕು ಕಣೋ. ಕೊಳಾಯಿ ನೀರು ಮಡಿಗೆ ಆಗಲ್ಲ."

ಕೊನೆಗೆ ಅದೇ ಕಡಲತೀರದಲ್ಲಿ, ನಮ್ಮೂರಿನ ಹತ್ತಿರದ ಕೋವಳಂ ದಾಟಿದ ಮೇಲೆ ಬಾವಿ ಇರುವ ಒಂದು ಸರ್ವೆ ತೋಪು ಸಿಕ್ಕಿತು. ಟೆಂಟು ಎದ್ದು ನಿಂತಿತು. ಗಂಡ ಅದಕ್ಕೊಂದು ಪ್ರದಕ್ಷಿಣೆ ಹಾಕಿದರು.

ಸಂಜೆ ಅತ್ತೆ ಬಾವಿಕಟ್ಟೆಯಲ್ಲಿ ಮರುದಿನದ ಮಡಿ ಸೀರೆ ಒಗೆದರು. ಹೊರಗೆ ಹಾಕಿದರೆ ನಾಯಿ ಮುಟ್ಟೀತೆಂದು ಟೆಂಟಿನೊಳಗೇ ಹರವಿದರು. ಒಂಬತ್ತು ಗಜದ ಸೀರೆ, ಟೆಂಟು ತುಂಬಿಹೋಯಿತು. ಇನ್ನು ಸ್ನಾನ ಮಾಡದೆ ಅದನ್ನು ಯಾರೂ ಸೋಕುವಂತಿಲ್ಲ. ಊಟವಾದ ಮೇಲೆ ಅತ್ತೆಯೂ ಸೋಕುವಂತಿಲ್ಲ.

"ಅಪ್ಪಾ, ಅಪ್ಪೊ ನಾಮ ಎಂಗೆ ತೂಂಗರದು?" ಇಲ್ಲೇ ಹುಟ್ಟಿ ಬೆಳೆದ ಮಗಳು ವೃಂದಾ ತಮಿಳಿನಲ್ಲಿ ಕೇಳಿದಳು. ಎಲ್ಲಿ ಮಲಗುವುದೆಂದು ಅವಳ ಅಪ್ಪನಿಗೂ ಗೊತ್ತಿರಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ; ಕೇಳಿದ್ದರೆ ಮನೆಯಲ್ಲಿ ಎನ್ನುತ್ತಿದ್ದೆ.

ಅಷ್ಟರಲ್ಲಿ ಮಳೆ ಬಂತು. ನಾವು ಮೂವರು ಹೆಂಗಸರು ಕಾರಿನಲ್ಲಿ ಮುದುಡಿ ಕೂತೆವು. ಗಾಳಿಗೆ ಟೆಂಟು ಹಾರಿದರೆ ಸೀರೆಯ ಗತಿ ಏನೆಂದು ಗಂಡ ಹಗ್ಗ ಹಿಡಿದು ಹೊರಗೇ ನಿಂತರು.

ಬೆಳಿಗ್ಗೆ ಅತ್ತೆ ಸ್ನಾನ ಮಾಡಿ ಬಂದು ಸೀರೆ ತೆಗೆದರು. ಗರಿಗರಿಯಾಗಿ ಒಣಗಿತ್ತು.

"ನೋಡಿದ್ಯಾ, ಒಂದು ಹನಿ ಒಳಗೆ ಬಿಟ್ಟಿಲ್ಲ. ಟೆಂಟು ಅಂದ್ರೆ ಇದು!" ಎಂದರು ನನ್ನ ಗಂಡ, ಷರ್ಟು ಹಿಂಡುತ್ತಾ.