ಆರು ವರ್ಷ ನೀರು ಕಾಣದ ಕಾಲು

ನಮ್ಮ ಗೊಬ್ಬೂರಿನಲ್ಲಿ ಅಮಾವಾಸ್ಯೆಯ ಆಸುಪಾಸಿಗೆ ಜ್ವರ ಬಂದರೆ ಅದಕ್ಕೆ ಗಾಳಿ ಅಂತಲೇ ಹೆಸರು. ಗೋಡೆಯಾಚೆಯ ಗುರಮ್ಮಕ್ಕನಿಗೆ ಎರಡು ಮೂರು ತಿಂಗಳಿಗೊಮ್ಮೆ ಇಂಥ ಜ್ವರ ಬರುತ್ತಿತ್ತು. ಮೂರು ಕೌದಿ ಹೊದಿಸಿದರೂ ಗಡಗಡ ನಡುಗುತ್ತಿದ್ದಳು. ಅವಳ ಗಂಡ ದೊಡ್ಡಪ್ಪಣ್ಣ ಲಿಂಬೆಹಣ್ಣು ನಿವಾಳಿಸಿ ಮೂರು ದಾರಿ ಕೂಡುವಲ್ಲಿ ಒಗೆದು ಬರುತ್ತಿದ್ದ. ಆ ಲಿಂಬೆಹಣ್ಣು ಎಷ್ಟೋ ಸಲ ನಮ್ಮ ಗಿಡದ್ದೇ. ಹೇಳಲು ನಾಚಿಕೆಯಾಗುತ್ತದೆ. ನಾನು ವಿದ್ಯಾವತಿ, ಹತ್ತನೇ ತರಗತಿ ಓದಿದವಳು, ಸ್ತ್ರೀಶಕ್ತಿ ಸಂಘದಲ್ಲಿ ಎದ್ದು ನಿಂತು ಮಾತಾಡುವವಳು. ಆದರೂ ಒಂದು ದಿನ ಆಕೆಯ ಸೆರಗು ಸರಿಸಿ "ಏನಾಗ್ಯದ ಅಕ್ಕಾ" ಅಂತ ನೋಡಿದವಳಲ್ಲ.

ಹೋದ ಶ್ರಾವಣದ ಒಂದು ಸೋಮವಾರ ಅವರ ಮನೆಗೆ ಅಯ್ಯನವರು ಪ್ರಸಾದಕ್ಕೆ ಬಂದಿದ್ದರು. ಅಡುಗೆಗೆ ಕೈ ಹಚ್ಚಲು ನಾನೂ ಹೋಗಿದ್ದೆ. ಜಂಗಮರು ಮನೆಗೆ ಬಂದರೆ ಮೊದಲು ಅವರ ಪಾದ ತೊಳೆಯುವುದು ನಮ್ಮಲ್ಲಿ ವಾಡಿಕೆ. ಆ ಕೆಲಸವನ್ನು ಗುರಮ್ಮಕ್ಕ ಯಾರಿಗೂ ಬಿಟ್ಟುಕೊಡುವವಳಲ್ಲ. ಅಗಲವಾದ ಪರಾತದಲ್ಲಿ ಅವರ ಪಾದ ಇಡಿಸಿ ತಂಬಿಗೆಯಿಂದ ನೀರು ಬಿಟ್ಟಳು. ಹಿಮ್ಮಡಿ ಮೆಲ್ಲಗೆ ಉಜ್ಜಿದಳು. ಬೆರಳುಗಳ ಸಂದಿ ಒಂದೊಂದಾಗಿ ತೊಳೆದಳು. ಆಮೇಲೆ ಮೆತ್ತನೆಯ ಬಿಳಿ ಅರಿವೆಯಿಂದ ಒಂದು ಹನಿಯೂ ಉಳಿಯದಂತೆ ಒತ್ತಿ ಒತ್ತಿ ಒರೆಸಿದಳು. ಇದೆಲ್ಲ ನಡೆಯುವಾಗ ನಮ್ಮ ಓಣಿಯ ಆಶಾ ಕಾರ್ಯಕರ್ತೆ ಯಾಸ್ಮೀನ ಆನೆಕಾಲು ರೋಗದ ಗುಳಿಗೆ ಕೊಡಲು ಬಂದು ಬಾಗಿಲಲ್ಲೇ ನಿಂತಿದ್ದಳು.

ಗುರಮ್ಮಕ್ಕ ಪರಾತ ಎತ್ತಿಕೊಂಡು ಏಳಲು ಹೋದಳು. ಎಡಗಾಲು ನಿಲ್ಲಲಿಲ್ಲ. ಆಯ ತಪ್ಪಿ ಕುಸಿದಳು. ಮೊಣಕಾಲಿನಿಂದ ಪಾದದವರೆಗೆ ಸುತ್ತಿದ್ದ ಹಳೆಯ ಸೀರೆಯ ತುಂಡು ಬಿಚ್ಚಿಕೊಂಡಿತು.

ದೇವರೇ! ಅದು ಕಾಲೋ, ಮರದ ಬೊಡ್ಡೆಯೋ! ಮಡಿಕೆ ಮಡಿಕೆಯಾಗಿ ಬಾತಿದೆ. ಮಡಿಕೆಗಳಲ್ಲಿ ಅರಿಶಿನ ಗಟ್ಟಿಯಾಗಿ ಕೂತಿದೆ. ಬೆರಳ ಸಂದಿಗಳು ಬೆಳ್ಳಗೆ ಕೊಳೆತು ವಾಸನೆ ಹೊಡೆಯುತ್ತಿವೆ. ಹದಿನಾಲ್ಕು ವರ್ಷ ಒಂದೇ ಗೋಡೆ ಹಂಚಿಕೊಂಡವಳು ನಾನು. ಮೂಗಿಗೆ ಸೆರಗು ಹಿಡಿದು ಹಿಂದೆ ಸರಿದೆ.

ಯಾಸ್ಮೀನ ಮಾತ್ರ ಓಡಿ ಬಂದು ಆ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಗುರಮ್ಮಕ್ಕಾ, ಈ ಕಾಲು ಯಾವಾಗ ತೊಳದೀರಿ?"

ಗುರಮ್ಮಕ್ಕ ತಲೆ ತಗ್ಗಿಸಿದಳು. "ತೊಳಿಯಂಗಿಲ್ಲ ಯವ್ವಾ. ಆರು ವರ್ಷ ಆತು."

"ಏನು? ಆರು ವರ್ಷ?"

"ಜಳಕ ಮಾಡೂವಾಗ ಕಾಲು ಹೊರಗ ಕಲ್ಲಿನ ಮ್ಯಾಲೆ ಇಟ್ಕೋತೇನಿ. ಹನಿ ನೀರು ತಾಗಿಸಂಗಿಲ್ಲ."

ದೊಡ್ಡಪ್ಪಣ್ಣ ನಡುವೆ ಬಾಯಿ ಹಾಕಿದ. "ಮೊದಲ ಕಾಲಾಗ ನೀರು ಇಳದದ. ಅದರ ಮ್ಯಾಲೆ ಮತ್ತ ನೀರು ಹಾಕಿದ್ರ ಏರಂಗಿಲ್ಲೇನು? ನಮ್ಮ ಹಿರ್‍ಯಾರು ಹೇಳ್ಯಾರ. ಅವ್ರೇನು ಹುಚ್ಚರೇನು?"

"ಅಣ್ಣಾರ, ಹೊರಗಿನ ನೀರು ಚರ್ಮ ದಾಟಿ ಒಳಗ ಹೋಗಂಗಿಲ್ರಿ. ಹೋಗ್ತಿದ್ರ ಎಮ್ಮಿ ಕೆರ್‍ಯಾಗ ಕುಂತು ಉಬ್ಬಿ ಒಡೀತಿತ್ತು."

ನಗುವ ಹೊತ್ತಾಗಿರಲಿಲ್ಲ. ಆದರೂ ಅಯ್ಯನವರ ಮೀಸೆ ಒಂದಿಷ್ಟು ಅಲುಗಿತು.

ಯಾಸ್ಮೀನ ಬಿಡಿಸಿ ಹೇಳಿದಳು. "ನಮ್ಮ ಮೈಯಾಗ ರಕ್ತದ ನಾಳ ಬ್ಯಾರೆ, ದುಗ್ಧರಸದ ನಾಳ ಬ್ಯಾರೆ. ಮೈಯಾಗಿನ ಹೆಚ್ಚಿನ ನೀರು, ಕಸ ಬಳಕೊಂಡು ಹೋಗೂ ನಾಲಿ ಅದು. ರಕ್ತ ನೂಕಲಿಕ್ಕೆ ಹೃದಯ ಅದ. ಈ ನಾಲಿಗಳಿಗೆ ಅಂಥಾದ್ದು ಇಲ್ಲ. ನೀವು ಅಡ್ಡಾಡಿದ್ರ, ಕಾಲು ಆಡಿಸಿದ್ರ ಅದು ಹರೀತದ. ಸೊಳ್ಳಿ ಕಡದು ಆನೆಕಾಲಿನ ಹುಳ ಮೈಯಾಗ ಸೇರ್‍ತಾವ, ಈ ನಾಲ್ಯಾಗ ಮನಿ ಮಾಡ್ತಾವ. ನಾಲಿ ಕೆಟ್ಟು ನೀರು ಕಾಲಾಗ ನಿಲ್ತದ. ಅದಕ್ಕ ಬಾವು."

"ಮತ್ತ ಜ್ವರ? ಅದು ಗಾಳಿನೇ ಅಲ್ಲೇನು?" ಎಂದ ದೊಡ್ಡಪ್ಪಣ್ಣ.

"ಗಾಳಿ ಅಲ್ರಿ, ಹೊಲಸು. ಈ ಬೆರಳಸಂದಿ ಗಾಯ ನೋಡ್ರಿ. ಇದ್ರಾಗಿಂದ ಕ್ರಿಮಿ ಒಳಗ ಹೋಗ್ತಾವ. ಕಾಲು ಕೆಂಪಾಗಿ ಕಾಯ್ತದ, ಚಳಿ ಜ್ವರ ಬರ್‍ತದ. ಪ್ರತಿ ಸಲ ಜ್ವರ ಬಂದು ಹೋದಾಗೂ ಬಾವು ಇಷ್ಟಿಷ್ಟು ಹೆಚ್ಚಾಗ್ತದ."

ಅಂದರೆ ನಾವು ಲಿಂಬೆಹಣ್ಣು ಒಗೆಯುತ್ತ ಕೂತಿದ್ದ ಆರು ವರ್ಷವೂ ಆ ಗಾಯ ಅಲ್ಲೇ ಇತ್ತು! ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

"ದವಾಖಾನಿಗೆ ಯಾಕ ಹೋಗ್ಲಿಲ್ಲ ಅಕ್ಕಾ?" ಅಂದೆ.

ಗುರಮ್ಮಕ್ಕನ ಕಣ್ಣಲ್ಲಿ ನೀರು ಬಂತು. "ಜೇವರ್ಗಿ ಕಡೆ ನಮ್ಮ ಸಂಬಂಧಿ ಒಬ್ಬಾಕಿಗೆ ಸಕ್ರಿ ಬ್ಯಾನಿ ಇತ್ತು. ಕಾಲಿನ ಗಾಯ ತೋರಸ್ಲಿಕ್ಕೆ ಹೋದಾಕಿ ಒಂದ ಕಾಲಿನ ಮ್ಯಾಲೆ ಬಂದಳು. ನನ್ನ ಕಾಲೂ ಕಡೀತಾರ ಅಂತ ಹೆದರಿದೆ ವಿದ್ಯಾ. ನಡಿಯೂದು ನಿಂತ್ರ ಅಯ್ಯನವರ ಸೇವಾ ಯಾರು ಮಾಡ್ತಾರ?"

"ಯಾರೂ ಕಡಿಯಂಗಿಲ್ಲ. ಹಿಂಗ ಮುಚ್ಚಿ ಇಟ್ಕೊಂಡ್ರ ಮಾತ್ರ ಗಾಯ ಕೈ ಮೀರ್‍ತದ" ಎಂದು ಯಾಸ್ಮೀನ ಪರಾತದತ್ತ ಕೈ ತೋರಿಸಿದಳು. "ಅಕ್ಕಾ, ಈಗ ಅಯ್ಯನವರ ಪಾದ ಹ್ಯಾಂಗ ತೊಳದ್ರಿ, ನಾ ಬಾಗಿಲಾಗ ನಿಂತು ನೋಡೇನಿ. ಸಂದಿ ಬಿಡಿಸಿ ತೊಳದ್ರಿ, ತಿಕ್ಕದಂಗ ಒರಸಿದ್ರಿ. ನಮಗ ತರಬೇತಿಯಾಗ ಕಲಿಸಿದ್ದು ಬರೊಬ್ಬರಿ ಇದನ್ನ! ನಾವೂ ನಮಾಜಿನ ಮುಂಚೆ ವುಜೂ ಮಾಡೂವಾಗ ಸಂದಿಗೆ ಬೆರಳು ಹಾಕಿ ತೊಳೀತೇವಿ. ನಿಮಗ ಎಲ್ಲಾ ಬರ್‍ತದ. ನಿಮ್ಮ ಕಾಲಿಗೆ ಮಾತ್ರ ಮಾಡ್ಲಿಲ್ಲ."

ಅಯ್ಯನವರು ತಮ್ಮ ಒದ್ದೆ ಆರಿದ ಪಾದವನ್ನೊಮ್ಮೆ, ಆಕೆಯ ಕಾಲನ್ನೊಮ್ಮೆ ನೋಡಿದರು. ಅವರ ಮುಖ ಕಪ್ಪಿಟ್ಟಿತ್ತು.

"ಗುರಮ್ಮಾ, ಇಂಥ ಕಾಲಿನ ಮ್ಯಾಲೆ ಕುಂತು ಆರು ವರ್ಷ ನನ್ನ ಪಾದ ತೊಳದಿ? ನನಗ ಗೊತ್ತಾಗ್ಲಿಲ್ಲಲ್ಲ ತಾಯಿ! ಮೊದಲ ನಿನ್ನ ಕಾಲು ತೊಳಿಬೇಕು. ಪ್ರಸಾದ ಆಮ್ಯಾಲೆ."

ದೊಡ್ಡಪ್ಪಣ್ಣ ಎದ್ದ. ಬಚ್ಚಲಿಗೆ ಹೋಗಿ ಬಕೆಟ್ ತುಂಬ ಶುದ್ಧ ನೀರು, ಹೊಸ ಸಾಬೂನು ತಂದ. ಹೆಂಡತಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಗುರಮ್ಮಕ್ಕ ಹೌಹಾರಿ ಕಾಲು ಎಳೆದುಕೊಂಡಳು.

"ಬ್ಯಾಡ್ರಿ! ಗಂಡ ಹೆಂಡ್ತಿ ಕಾಲು ಮುಟ್ಟಬಾರದು. ಪಾಪ ಸುತ್ಕೊಂತದ."

"ಪಾಪ ಆರು ವರ್ಷದಿಂದ ಸುತ್ಕೊಂಡದ. ಬಿಡಿಸ್ಲಿ ಬಿಡು" ಎಂದರು ಅಯ್ಯನವರು.

ಯಾಸ್ಮೀನ ಹೇಳಿದಂತೆ ಅವನು ಸಾಬೂನಿನ ನೊರೆಯನ್ನು ಕೈಯಲ್ಲೇ ಮಾಡಿಕೊಂಡು ಮೆಲ್ಲಗೆ ತೊಳೆದ. ಮೊದಲು ಹಳದಿ ನೀರು, ಆಮೇಲೆ ಕರಿ ನೀರು, ಆಮೇಲೆ ತಿಳಿ ನೀರು ಬಂತು. ಬೆರಳ ಸಂದಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ. "ಇಷ್ಟು ಹುಣ್ಣಾಗೇದ, ಒಮ್ಮಿನೂ ಹೇಳ್ಲಿಲ್ಲಲ್ಲ ಬೇ" ಅಂದ. ಆ ಗಂಡಸು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ನಾವು ಆಕೆಯನ್ನು ಅಫಜಲಪುರದ ದವಾಖಾನೆಗೆ ಕರೆದೊಯ್ದೆವು. ಡಾಕ್ಟರು ಪರೀಕ್ಷೆ ಮಾಡಿ ಆನೆಕಾಲು ರೋಗವೇ ಎಂದರು. ಗಾಯಕ್ಕೆ ಮುಲಾಮು ಕೊಟ್ಟರು. ಕಾಲು ಕಡಿಯುವ ಮಾತೇ ಬರಲಿಲ್ಲ. "ಬಾವು ಪೂರ್ತಿ ಹೋಗಲಿಕ್ಕಿಲ್ಲ. ಆದರೆ ದಿನಾ ಜೋಪಾನ ಮಾಡಿದರೆ ಬೆಳೆಯದಂತೆ ತಡೆಯಬಹುದು" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಹಿಂದಿನ ವರ್ಷ ಯಾಸ್ಮೀನ ಕೊಟ್ಟಿದ್ದ ಗುಳಿಗೆಗಳನ್ನು ದೊಡ್ಡಪ್ಪಣ್ಣ ಗೋಡೆಯ ಗೂಡಿನಲ್ಲಿ ಇಟ್ಟು ಮರೆತಿದ್ದ. "ಬ್ಯಾನಿ ಇಲ್ಲದವ್ರಿಗೆ ಯಾಕ ಗುಳಿಗಿ?" ಅನ್ನುತ್ತಿದ್ದವನು ಈಗ ಊಟ ಮಾಡಿ, ಯಾಸ್ಮೀನಳ ಎದುರಿಗೇ ಹೊಸ ಗುಳಿಗೆ ನುಂಗಿದ. ಹುಳ ಮೈಯಲ್ಲಿದ್ದರೂ ವರ್ಷಗಟ್ಟಲೆ ಏನೂ ಕಾಣುವುದಿಲ್ಲ ಎಂಬುದು ಅವನಿಗೆ ಆಗ ಗೊತ್ತಾಯಿತು.

ಈಗ ಯುಗಾದಿ ಬಂತು. ಈ ಏಳೆಂಟು ತಿಂಗಳಲ್ಲಿ ಗುರಮ್ಮಕ್ಕನಿಗೆ ಜ್ವರ ಬಂದದ್ದು ಒಂದೇ ಸಲ. ಆವಾಗ ಲಿಂಬೆಹಣ್ಣು ಹುಡುಕಲಿಲ್ಲ, ಕಾಲಿಗೆ ತಣ್ಣೀರ ಬಟ್ಟೆ ಹಾಕಿ ಸೀದಾ ದವಾಖಾನೆಗೆ ಹೋದೆವು. ಬೆರಳ ಸಂದಿಗಳು ಒಣಗಿವೆ. ಕಾಲು ಇನ್ನೂ ದಪ್ಪವೇ ಇದೆ, ಆದರೆ ಅದರ ಮೇಲೆ ಸುತ್ತಿದ ಅರಿವೆ ಹೋಗಿದೆ. ಸಂಘದ ಸಭೆಗೆ ಬಂದರೆ ಮಣೆಯ ಮೇಲೆ ಕಾಲು ಎತ್ತಿಟ್ಟು, ಪಾದವನ್ನು ಮೇಲೆ ಕೆಳಗೆ ಆಡಿಸುತ್ತಲೇ ಮಾತಾಡುತ್ತಾಳೆ.

ಓದುತ್ತಿರುವ ಅಕ್ಕ, ಅಣ್ಣ, ಇದನ್ನು ಕೆಳಗಿಟ್ಟು ಈಗಲೇ ನಿಮ್ಮ ಕಾಲು ನೋಡಿಕೊಳ್ಳಿ. ಬಾವು ಇದ್ದರೆ ಮುಚ್ಚಿಡಬೇಡಿ, ಯಾತರಿಂದ ಬಂತೆಂದು ಡಾಕ್ಟರನ್ನೇ ಕೇಳಿ. ದಿನಾ ಸಾಬೂನು ಹಚ್ಚಿ ತೊಳೆಯಿರಿ, ಸಂದಿ ಸಂದಿ ಒಣಗಿಸಿ, ಚಪ್ಪಲಿ ಇಲ್ಲದೆ ಅಂಗಳಕ್ಕೂ ಇಳಿಯಬೇಡಿ. ಕೂತಾಗ, ಮಲಗಿದಾಗ ಕಾಲು ಎತ್ತರದಲ್ಲಿರಲಿ. ಜ್ವರ, ನೋವು ಇಲ್ಲದಾಗ ಪಾದ ಆಡಿಸಿ, ಅಡ್ಡಾಡಿ. ಮನೆ ಮುಂದೆ ಹೊಲಸು ನೀರು ನಿಲ್ಲದಿರಲಿ, ಸೊಳ್ಳೆಪರದೆ ಕಟ್ಟಿ. ಆಶಾ ಕಾರ್ಯಕರ್ತೆ ಗುಳಿಗೆ ತಂದರೆ ಉಂಡು ಅವಳೆದುರಿಗೇ ನುಂಗಿ. ಬಸುರಿಯರಿಗೆ, ಎರಡು ವರ್ಷದೊಳಗಿನ ಕೂಸುಗಳಿಗೆ, ಬಹಳ ಜಡ್ಡಿದ್ದವರಿಗೆ ಮಾತ್ರ ಅದು ಬೇಡ.

ಇನ್ನೊಂದು ಮಾತು. ನಿಮ್ಮ ಗೋಡೆಯಾಚೆಯೂ ಒಬ್ಬ ಗುರಮ್ಮ ಕಾಲಿಗೆ ಅರಿವೆ ಸುತ್ತಿಕೊಂಡು ಕೂತಿರಬಹುದು. ನನ್ನ ಹಾಗೆ ಆರು ವರ್ಷ ತಡ ಮಾಡಬೇಡಿ. ಇವತ್ತೇ ಹೋಗಿ ಕೇಳಿ.