ಮುಂದೆ ಕೂತವಳ ಮಾತು

ಹನಿ, ಇನ್ನೊಂದು ಹನಿ — ಬ್ರಿಟಾ ಹುಟ್ಟು ಹಾಕುವುದನ್ನು ನಿಲ್ಲಿಸಿ ಅದನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡಿದ್ದಾಳೆ, ಅಲಗಿನ ತುದಿಯಿಂದ ನೀರು ಒಂದೊಂದೇ ಹನಿಯಾಗಿ ಸರೋವರಕ್ಕೆ ಬೀಳುತ್ತಿದೆ, ಬಿದ್ದಲ್ಲೊಂದು ಪುಟ್ಟ ಬಳೆ, ಅದು ದೋಣಿಯ ಹಿಂಬದಿಗೆ, ಓರಿನ್ ಕೂತಲ್ಲಿಗೆ, ಬರುವಷ್ಟರಲ್ಲಿ ಇಲ್ಲವಾಗುತ್ತದೆ, ಮಗಳ ಬೆನ್ನು ಮಾತ್ರ ಕಾಣುತ್ತದೆ, ಮುಖದಲ್ಲಿ ಏನಿದೆಯೋ — ಕೇಳಿಯೇ ಬಿಟ್ಟನಲ್ಲ, ಆ ಬಂಡೆಯ ದಿನ ಏನಾಯ್ತು ಬ್ರಿಟಾ, ನೀನು ಹೇಳು, ಅಂತ, ಕೇಳಿ ಎಷ್ಟು ಹೊತ್ತಾಯಿತು, ಅವಳು ತುಟಿ ಬಿಚ್ಚಿಲ್ಲ, ಇವನಿಗೋ ನಾಲಿಗೆ ತುರಿಸುತ್ತಿದೆ, ಮೂವತ್ತೆಂಟು ವರ್ಷ ದನದ ಹರಾಜು ಕೂಗಿದವನಿಗೆ ಇದಕ್ಕಿಂತ ಶಿಕ್ಷೆ ಉಂಟೇ, ಕಟ್ಟೆಯ ಮೇಲೆ ಎರಡು ಉಸಿರು ಸುಮ್ಮನಾದರೆ ಸಾಕು, ಕೊಳ್ಳುವವರ ಎತ್ತಿದ ಕೈ ಜೇಬಿಗೆ ಹೋಗುತ್ತಿತ್ತು, ಒಳ್ಳೇ ಹೋರಿ ಬಂದ ದಾರಿಯಲ್ಲೇ ವಾಪಸ್, ಅದಕ್ಕೇ ಸಂದು ಸಿಕ್ಕಲ್ಲೆಲ್ಲ ಮಾತು ತುರುಕುವುದು ಅಭ್ಯಾಸವಾಯಿತು, ಊಟದ ಮೇಜಿನಲ್ಲೂ, ಚರ್ಚಿನ ಮೆಟ್ಟಿಲ ಮೇಲೂ. ಹೊರಡುವ ಬೆಳಿಗ್ಗೆ ಮಾರ್ಗಿಟ್ ಬುತ್ತಿ ಕಟ್ಟುತ್ತಾ ಹೇಳಿದ್ದಳು, ಹೆಂಡತಿ ದನಿ ಏರಿಸುವವಳಲ್ಲ, ಅದೇ ಹೆದರಿಕೆ — ನೋಡು ಓರಿನ್, ಈ ಸಲಾನೂ ಬಂಡೆ ಕಥೆ ಹೊಡೆದ್ಯೋ, ಮುಂದಿನ ವರ್ಷದಿಂದ ಅವಳು ನಿನ್ನ ಜೊತೆ ಬರಲ್ಲ, ನಂಗೇ ಹೇಳಿದಾಳೆ. ಯಾಕಂತೆ? ಅವಳನ್ನೇ ಕೇಳು, ಕೇಳಿ ಸುಮ್ನೆ ಕೂತ್ಕೋ, ಅದೊಂದು ನಿನ್ನ ಕೈಲಿ ಆಗುತ್ತಾ. ಆಗುತ್ತೆ ಅಂದಿದ್ದ, ಆದರೆ ಕೇಳಲು ಧೈರ್ಯ ಬಂದದ್ದು ಮೂರನೇ ದಿನ, ಈಗ.

ಅಷ್ಟಕ್ಕೂ ಆ ಕಥೆಯಲ್ಲಿ ಏನಿದೆ ಮಹಾ, ನಗುವ ಕಥೆ — ಇದೇ ಉತ್ತರ ಮಿನ್ನೆಸೋಟದ ನೀರು, ಬ್ರಿಟಾಗೆ ಒಂಬತ್ತು, ಮೊದಲ ಸಲ ಮುಂದಿನ ಹಲಗೆಯಲ್ಲಿ ಕೂತಿದ್ದಳು, ಮುಂದೆ ಕೂತವರು ಬಂಡೆ ಕಂಡರೆ ಕೂಗಬೇಕು, ಹಿಂದೆ ಕೂತವರು ತಿರುಗಿಸಬೇಕು, ಇಷ್ಟೇ ಕಾನೂನು, ಇವಳೋ ತೂಕಡಿಸಿದಳು, ದೋಣಿ ಮಗುಚಿತು, ಮೂರು ದಿನದ ಊಟವೂ ಅವನಪ್ಪನ ತಗಡಿನ ಕಾಫಿ ಪಾತ್ರೆಯೂ ನೀರುಪಾಲು, ಪ್ರತಿ ಕ್ರಿಸ್‌ಮಸ್ಸಿಗೆ ಇದನ್ನು ಒಗ್ಗರಣೆ ಹಾಕಿ ಹೇಳಿದ್ದಾನೆ, ಅವಳ ಮದುವೆಯಲ್ಲೂ, ನಿದ್ದೆಬುರುಕಿ ಅಂತ ಕರೆದದ್ದು ಮುದ್ದಿಗೆ, ಇವತ್ತೂ ಡೇರೆಯ ಬಳಿ ನಿಂತು ಏಳೇ ನಿದ್ದೆಬುರುಕಿ ಅಂದ, ಅವಳು ಆಗಲೇ ಎದ್ದು ಆ ಕಡೆ ಒಬ್ಬಳೇ ಕೂತು ನೀರು ನೋಡುತ್ತಿದ್ದಳು. ಹನಿ. ಈಗ ಏನಾದರೂ ಹೇಳಿಬಿಡಲೇ, ಆ ಲೂನ್ ಹಕ್ಕಿ ನೋಡು ಅಂತ, ಬೇಡ, ಬೇಡ, ಬಾಯಿಗೆ ಬೀಗ — ಆಶ್ಚರ್ಯ, ಬಾಯಿ ಮುಚ್ಚಿದರೆ ಎಷ್ಟು ಸದ್ದಿದೆ ಇಲ್ಲಿ, ಕಾಡುಭತ್ತದ ತೆನೆ ದೋಣಿಯ ಪಕ್ಕಕ್ಕೆ ಸವರುವ ಸರಸರ, ಆಚೆ ದಡದಲ್ಲಿ ಮೂಸ್ ಅನ್ನುವ ದೈತ್ಯ ಜಿಂಕೆಯೊಂದು ಮೊಣಕಾಲಷ್ಟು ನೀರಿನಲ್ಲಿ ನಿಂತು ಜೊಂಡು ಕೀಳುವ ಚರಕ್, ಪೈನ್ ಮರಗಳಲ್ಲಿ ಗಾಳಿ, ಮೂವತ್ತು ಬೇಸಿಗೆ ಬಂದಿದ್ದಾನೆ, ಬಂದವರಿಗೆಲ್ಲ ಈ ಸರೋವರದ ಬಗ್ಗೆ ಭಾಷಣ ಬಿಗಿದಿದ್ದಾನೆ, ಇದನ್ನು ಕೇಳಿದ್ದು ಇದೇ ಮೊದಲು, ಸುಖವಾಗಿದೆ, ನಿಜವಾಗಿ ಸುಖವಾಗಿದೆ.

ಅಪ್ಪ, ನಾನು ಕೂಗಿದ್ದೆ — ಅವಳು ತಿರುಗಲಿಲ್ಲ, ನೀರಿಗೇ ಹೇಳಿದ ಹಾಗೆ ಹೇಳಿದಳು — ನಿದ್ದೆ ಮಾಡಿರ್ಲಿಲ್ಲ, ಬಂಡೆ ದೂರದಿಂದ್ಲೇ ಕಂಡಿತ್ತು. ನೀನು ಯಾವುದೋ ಕುಂಟ ಹೋರಿ ಮಾರಿದ ಕಥೆ ಹೇಳ್ತಿದ್ದೆ, ಮಧ್ಯೆ ಬಾಯಿ ಹಾಕ್ಬಾರ್ದು ಅಂತ ಮುಗಿಯೋದನ್ನ ಕಾದೆ, ಮುಗೀಲಿಲ್ಲ, ಎರಡು ಸಲ ಕೂಗಿದೆ. ಓರಿನ್‌ನ ಬಾಯಿ ತೆರೆಯಿತು, ನಗೆಚಾಟಿಕೆ ತುದಿನಾಲಿಗೆಯಲ್ಲೇ ಇತ್ತು, ಒಂಬತ್ತು ವರ್ಷದ ಕೂಸಿಗೆ ಎಷ್ಟು ನೆನಪಿದ್ದೀತು ಅನ್ನುವ ವಾದವೂ ಇತ್ತು, ಎರಡನ್ನೂ ನುಂಗಿದ, ಏಕೆಂದರೆ ಕುಂಟ ಹೋರಿ ನಿಜ, ಆ ವಾರವೇ ಮಾರಿದ್ದು, ಇದು ಅವಳಿಗೆ ಬೇರೆ ಹೇಗೆ ಗೊತ್ತಿರಬೇಕು, ಮಗು ಕಾದಿತ್ತು, ಅಪ್ಪ ಉಸಿರು ತೆಗೆದುಕೊಳ್ಳಲಿ ಅಂತ ಕಾದಿತ್ತು. ಆಮೇಲೆ? ಅಂದ, ಅಷ್ಟೇ ಅಂದ. ಆಮೇಲೆ ಅವಳು ಹೇಳುತ್ತಲೇ ಹೋದಳು, ಶಾಲೆಯಲ್ಲೂ ಅದೇ ಹೆಸರು ಹತ್ತಿದ್ದು, ಮದುವೆಯ ದಿನ ಎಲ್ಲರೂ ನಕ್ಕಾಗ ತಾನೂ ನಕ್ಕದ್ದು, ಇಪ್ಪತ್ತೇಳು ವರ್ಷದ್ದು, ಅವನು ದೋಣಿ ನೇರ ಹಿಡಿದು ಕೇಳಿದ, ಒಂದು ಕಡೆಯೂ ಅಡ್ಡ ಬರಲಿಲ್ಲ. ಸರೋವರ ಕಿರಿದಾಯಿತು, ನೀರಿಗೆ ಸೆಳೆತ ಬಂತು, ಅವಳು ಹುಟ್ಟು ಹಾಕತೊಡಗಿದಳು, ನೊರೆಯ ಸದ್ದು ಏರುತ್ತಿದೆ, ಅವಳು ದನಿ ಎತ್ತಲಿಲ್ಲ, ಬೇಕೆಂದೇ ಇರಬೇಕು, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟು ಮೆಲ್ಲಗೆ ಅಂದಳು, ಬಂಡೆ, ಎಡಕ್ಕೆ — ಅವನ ಕೈ ಆಗಲೇ ತಿರುಗಿಸಿತ್ತು, ಬಂಡೆಯ ಕರೀ ಬೆನ್ನು ಒಂದು ಗೇಣು ದೂರದಲ್ಲಿ ಸರಿದುಹೋಯಿತು.

ಕೂಗಿದ್ದು ಕೇಳಿಸ್ತು ಬ್ರಿಟಾ, ಅಂದ, ಇವತ್ತಿನದಷ್ಟೇ ಅಲ್ಲ, ಆವತ್ತಿನದೂ, ಈಗ. ಅವಳ ಭುಜ ಸ್ವಲ್ಪ ಇಳಿಯಿತು, ಬಹಳ ಹೊತ್ತಿನ ಮೇಲೆ, ನಿಂತ ನೀರಿಗೆ ಬಂದ ಮೇಲೆ, ಮುಂದಿನ ವರ್ಷ ಕಾಫಿಪುಡಿ ಜಾಸ್ತಿ ತರ್ಬೇಕಪ್ಪ, ಅಂದಳು. ಕಾಫಿಪುಡಿಯ ಬಗ್ಗೆ ಅವನ ಹತ್ತಿರ ಒಳ್ಳೆಯದೊಂದು ಕಥೆಯಿದೆ, ಚಿಕ್ಕದೇ, ಹೇಳಿದರೆ — ಅವಳು ಹುಟ್ಟೆತ್ತಿ ಮೊಣಕಾಲ ಮೇಲೆ ಇಟ್ಟುಕೊಂಡಳು, ಇನ್ನೂ ಏನೋ ಹೇಳುವುದಿದೆ, ಅಲಗಿನ ತುದಿಯಲ್ಲಿ ಹನಿ, ತುಂಬಿಕೊಳ್ಳುತ್ತಿದೆ, ಇನ್ನೂ ಬಿದ್ದಿಲ್ಲ, ಹನಿ